‘ಜಗದ್ಗುರು’ ಎನಿಸಿಕೊಂಡ ವಿಜಾಪುರದ ಬಾದಶಹ

ಸೊಲ್ಲಾಪುರ: ಸರಕಾರಿ ಕಾಗದಪತ್ರದಲ್ಲಿ 2014ರಿಂದ ವಿಜಯಪುರ ಎಂದಾಗಿದ್ದರೂ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮಂದಿಯ ಬಾಯಲ್ಲಿ ಅದು ಇನ್ನೂ ವಿಜಾಪುರವೇ. ಮದುವೆ ಸಂಬಂಧಕ್ಕೆ, ಸಂತೆಗೆ, ದವಾಖಾನೆಗೆ ಅಂತ ಹೋದವರು ಗೋಲಗುಮ್ಮಟ ಹತ್ತಿ, ಕೂಗಿ, ಪ್ರತಿಧ್ವನಿ ಕೇಳಿ ಸಂಜೆ ಬಸ್ಸಿಗೆ ವಾಪಸು ಬರುತ್ತಾರೆ. ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದ ಕಡೆ ಹೋಗುವವರು ಕಡಿಮೆ. ಗೋಲಗುಮ್ಮಟ ಮಗನದು, ರೋಜಾ ಅಪ್ಪನದು. ಮಗ ಕಟ್ಟಡದಿಂದ ಹೆಸರಾದ. ಅಪ್ಪ ಎರಡನೇ ಇಬ್ರಾಹಿಂ ಆದಿಲಶಾಹಿ ಮಾತ್ರ ಮಂದಿ ಕೊಟ್ಟ ಒಂದು ಬಿರುದಿನಿಂದ ಹೆಸರಾದ. ಆ ಬಿರುದು ಜಗದ್ಗುರು ಬಾದಶಹ.

ಈ ಬಿರುದಿನ ತೂಕ ಕನ್ನಡ ಮನೆತನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಗದ್ಗುರು ಅಂದರೆ ನಮ್ಮಲ್ಲಿ ಪೀಠದ ಸ್ವಾಮಿಗಳು, ಅಡ್ಡಪಲ್ಲಕ್ಕಿಯಲ್ಲಿ ಬರುವವರು, ಪಾದಪೂಜೆ ಮಾಡಿಸಿಕೊಳ್ಳುವವರು. ಆ ಮಾತನ್ನು ಒಬ್ಬ ಮುಸಲ್ಮಾನ ದೊರೆಗೆ, ಅದೂ ವಿಜಯನಗರ ಮುರಿದ ಮನೆತನದವನಿಗೆ ಹಚ್ಚಿದ್ದಾರೆ ಅಂದರೆ ಅದಕ್ಕೆ ಏನೋ ಕಾರಣ ಇರಲೇಬೇಕು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಾಪುರದ ಸೈನ್ಯದ ಮುಂದಿದ್ದ ಮೊದಲನೇ ಅಲಿ ಆದಿಲಶಾಹಿ ಈ ಇಬ್ರಾಹಿಮನ ದೊಡ್ಡಪ್ಪ. ಆ ಯುದ್ಧ ಮುಗಿದು ಹದಿನೈದೇ ವರ್ಷಕ್ಕೆ ಇಬ್ರಾಹಿಂ ಗಾದಿಗೆ ಬಂದ.

ಸೊಲ್ಲಾಪುರ ವರದಕ್ಷಿಣೆಯಾಗಿತ್ತು

ಅಲಿಗೆ ಮಕ್ಕಳಿರಲಿಲ್ಲ. 1580ರಲ್ಲಿ ಅವನ ಕೊಲೆಯಾಯಿತು. ತಮ್ಮ ತಹಮಾಸ್ಪನ ಮಗ ಇಬ್ರಾಹಿಮನನ್ನು ತಂದು ಕೂರಿಸಿದಾಗ ಹುಡುಗನಿಗೆ ಸುಮಾರು ಒಂಬತ್ತು ವರ್ಷ. ಅವನನ್ನು ಸಾಕಿ ಬೆಳೆಸಿದವಳು ಅಲಿಯ ವಿಧವೆ ಚಾಂದಬೀಬಿ.

ಚಾಂದಬೀಬಿ ಸೊಲ್ಲಾಪುರದವರಿಗೆ ಬೇರೆಯವಳಲ್ಲ. ಅಹಮದನಗರದ ಹುಸೇನ ನಿಜಾಮಶಾಹ ತನ್ನ ಈ ಮಗಳನ್ನು ಅಲಿಗೆ ಕೊಟ್ಟಾಗ ಜೊತೆಗೆ ಬಳುವಳಿಯಾಗಿ ಬಂದದ್ದೇ ಸೊಲ್ಲಾಪುರದ ಕೋಟೆ. ಇಂದು ಮಕ್ಕಳು ಆಡುವ ತೋಟವಾಗಿರುವ ಆ ಭುಯಿಕೋಟೆಗಾಗಿ ವಿಜಾಪುರದವರು, ಅಹಮದನಗರದವರು ಎಷ್ಟು ಸಲ ಬಡಿದಾಡಿದರೋ ಲೆಕ್ಕವಿಲ್ಲ. ಒಂದು ಮದುವೆಯಲ್ಲಿ ಬಂದದ್ದು, ಮುಂದಿನ ಜಗಳದಲ್ಲಿ ಹೋಗುವುದು, ಹೀಗೇ ನಡೆದಿತ್ತು.

ಹುಡುಗ ಬಾದಶಹನ ಮೊದಲ ಹತ್ತು ವರ್ಷ ಭಯದಲ್ಲೇ ಕಳೆಯಿತು. ರಾಜ್ಯ ನೋಡಿಕೊಳ್ಳಲು ಬಂದ ಸರದಾರ ಕಾಮಿಲಖಾನ ಚಾಂದಬೀಬಿಯ ಮಾತು ಮೀರಿದ, ಸತ್ತ. ಅವನ ಜಾಗಕ್ಕೆ ಬಂದ ಕಿಶ್ವರಖಾನ ಚಾಂದಬೀಬಿಯನ್ನೇ ಹಿಡಿಸಿ ಸಾತಾರಾ ಕೋಟೆಗೆ ಹಾಕಿದ. ಹಬಶಿ ಸರದಾರರು ಎದ್ದು ನಿಂತು ಅವನನ್ನು ಓಡಿಸಿ ಆಕೆಯನ್ನು ಬಿಡಿಸಿ ತಂದರು. ಆ ಹಬಶಿಗಳ ಮುಖಂಡ ಇಖ್ಲಾಸಖಾನನ ಕಣ್ಣು ಕೀಳಿಸಿದವನು ದಿಲಾವರಖಾನ. ಈ ದಿಲಾವರಖಾನ ಎಂಟು ವರ್ಷ ರಾಜ್ಯವನ್ನು ಮುಷ್ಟಿಯಲ್ಲಿ ಹಿಡಿದ. ಆದಿಲಶಾಹಿ ದರಬಾರು ಶಿಯಾ ಪಂಥ ಬಿಟ್ಟು ಸುನ್ನಿ ಪಂಥಕ್ಕೆ ತಿರುಗಿದ್ದು ಇವನ ಕಾಲದಲ್ಲೇ. 1590ರಲ್ಲಿ ಹತ್ತೊಂಬತ್ತು-ಇಪ್ಪತ್ತರ ತರುಣ ಇಬ್ರಾಹಿಂ ಅವನನ್ನು ಕಿತ್ತೊಗೆದ. ಓಡಿಹೋದವನು ಮುಂದೆ ಮರಳಿ ಬಂದಾಗ ಅವನ ಕಣ್ಣನ್ನೂ ಕೀಳಿಸಿ ಸಾತಾರಾಕ್ಕೆ ಕಳಿಸಿದ. ಸಂಗೀತಗಾರ, ಕವಿ, ಸಾಧು ಅಂತ ಹೆಸರಾದವನ ಸ್ವಂತ ಆಳಿಕೆ ಶುರುವಾದದ್ದು ಹೀಗೆ. ಇದನ್ನು ಮುಚ್ಚಿಟ್ಟು ಬರೀ ವೀಣೆಯ ಕತೆ ಹೇಳಿದರೆ ಅರ್ಧ ಮನುಷ್ಯನ ಕತೆ ಹೇಳಿದ ಹಾಗಾಗುತ್ತದೆ.

ಚಾಂದಬೀಬಿ ಅಷ್ಟರಲ್ಲಿ ತವರಿಗೆ ಹೋಗಿದ್ದಳು. 1595-96ರಲ್ಲಿ ಮೊಗಲರ ಎದುರು ಅಹಮದನಗರದ ಕೋಟೆ ಉಳಿಸಿಕೊಂಡ ಆಕೆಯ ಧೈರ್ಯ ಮರಾಠಿ ಶಾಲೆಯ ಪುಸ್ತಕ ಓದಿದವರಿಗೆಲ್ಲ ಗೊತ್ತು. ತಾನು ಸಾಕಿದ ಹುಡುಗನಿಂದ ಆಗ ಆಕೆಗೆ ಸೈನ್ಯದ ನೆರವು ಹೋಯಿತು. ಕೊನೆಗೆ ಆಕೆ ಸತ್ತದ್ದು ತನ್ನವರ ಕೈಯಿಂದಲೇ.

ಒಂಬತ್ತು ರಸಗಳ ಹುಚ್ಚು

ಇಬ್ರಾಹಿಮನಿಗೆ ಎಲ್ಲಕ್ಕಿಂತ ದೊಡ್ಡದು ಸಂಗೀತ. ತಂಬೂರಿ ನುಡಿಸುತ್ತಿದ್ದ, ಹಾಡು ಕಟ್ಟುತ್ತಿದ್ದ, ಹಾಡುಗಾರರನ್ನು ದೂರ ದೂರದಿಂದ ಕರೆಸಿ ಇಟ್ಟುಕೊಳ್ಳುತ್ತಿದ್ದ. ತನ್ನ ತಂಬೂರಿಗೆ ಮೋತಿಖಾನ ಅಂತ ಹೆಸರು, ಪ್ರೀತಿಯ ಆನೆಗೆ ಆತಶಖಾನ ಅಂತ ಹೆಸರು. ಇವೆರಡೂ ಅವನ ಹಾಡುಗಳಲ್ಲಿ ಬರುತ್ತವೆ. ಹೆಂಡತಿ ಚಾಂದ ಸುಲ್ತಾನಳೂ ಬರುತ್ತಾಳೆ. ಆಕೆ ಗೋಳಕೊಂಡದ ಮಹಮ್ಮದ ಕುಲಿ ಕುತುಬಶಾಹನ ತಂಗಿ. ಹೈದರಾಬಾದ ಕಟ್ಟಿದ ಆ ಭಾವನೂ ದಖನಿ ಭಾಷೆಯ ಕವಿಯೇ. ಭಾವ-ಮೈದುನರಿಬ್ಬರೂ ಫಾರಸಿ ಬಿಟ್ಟು ಬೀದಿಯ ಭಾಷೆಯಲ್ಲಿ ಬರೆದವರು.

ಇಬ್ರಾಹಿಮನ ಹಾಡುಗಳ ಪುಸ್ತಕಕ್ಕೆ ‘ಕಿತಾಬೆ ನೌರಸ್’ ಎಂದು ಹೆಸರು. ನೌರಸ್ ಅಂದರೆ ನಮ್ಮ ನವರಸವೇ. ಫಾರಸಿ ಬಲ್ಲವರಿಗೆ ಅದೇ ಮಾತು ಹೊಸ ರಸ ಎಂದೂ ಕೇಳಿಸುತ್ತದೆ. ಅದರಲ್ಲಿ 59 ಹಾಡುಗಳು, 17 ದೋಹೆಗಳಿವೆ. ಭೈರವ, ಭೂಪಾಲಿ, ಮಲ್ಹಾರ, ಕೇದಾರ, ತೋಡಿ, ಕಾನಡಾ ಹೀಗೆ ರಾಗದ ಹೆಸರಿನಡಿ ಹಾಡು ಜೋಡಿಸಿದ್ದಾನೆ. ಕಾನಡಾ ಎಂಬ ಹೆಸರು ಎಲ್ಲಿಂದ ಬಂತು ಅಂತ ಕನ್ನಡಿಗರಿಗೆ ಕೇಳಬೇಕಾಗಿಲ್ಲ.

ಪುಸ್ತಕ ತೆರೆದರೆ ಮೊದಲು ಸಿಗುವವಳು ಸರಸ್ವತಿ. ಮುಂದೆ ಗಣಪತಿ, ಶಿವ-ಪಾರ್ವತಿ. ಅದೇ ಪುಸ್ತಕದಲ್ಲಿ ಪ್ರವಾದಿ ಮಹಮ್ಮದರ ಸ್ತುತಿ, ಕಲಬುರ್ಗಿಯ ಖ್ವಾಜಾ ಬಂದೇನವಾಜರ ಮೇಲಿನ ಭಕ್ತಿ. ತನ್ನ ತಂದೆ ಗಣಪತಿ, ತಾಯಿ ಸರಸ್ವತಿ ಅಂತಲೇ ಅವನು ಒಂದು ಹಾಡಿನಲ್ಲಿ ಹೇಳಿಕೊಂಡಿದ್ದಾನೆ. ಇದು ಪುಸ್ತಕದೊಳಗಿನ ಗುಟ್ಟಾಗಿಯೂ ಉಳಿಯಲಿಲ್ಲ. ದರಬಾರಿನ ಚಿತ್ರಕಾರ ಫರ್ರುಖ ಹುಸೇನ ಸುಮಾರು 1604ರಲ್ಲಿ ವೀಣೆ ನುಡಿಸುವ ಸರಸ್ವತಿಯ ಚಿತ್ರ ಬರೆದ. ದೇವಿಯನ್ನು ಬಂಗಾರದ ಸಿಂಹಾಸನದ ಮೇಲೆ ರಾಣಿಯ ಹಾಗೆ ಕೂರಿಸಿದ. ಚಿತ್ರದ ಮೇಲೆಯೇ ಬಾದಶಹನ ತಂದೆ-ತಾಯಿ ಗಣಪತಿ-ಸರಸ್ವತಿ ಎಂಬ ಅರ್ಥದ ಫಾರಸಿ ಬರಹ ಇದೆ. ಆ ಚಿತ್ರ ಈಗ ಜೈಪುರದ ರಾಜಮನೆತನದ ಸಂಗ್ರಹದಲ್ಲಿದೆ. ಬಾದಶಹನ ಬೇರೆ ಚಿತ್ರಗಳಲ್ಲಿ ಅವನ ಕೊರಳಲ್ಲಿ ರುದ್ರಾಕ್ಷಿ ಸರ ಕಾಣುತ್ತದೆ. ತಂಬೂರಿ ನುಡಿಸುತ್ತ ಕುಳಿತ ಒಂದು ಚಿತ್ರ ಯುರೋಪಿನ ಪ್ರಾಗ್ ನಗರದ ಮ್ಯೂಜಿಯಮ್ಮಿಗೆ ಹೋಗಿ ಸೇರಿದೆ.

ಇಂಥ ಪುಸ್ತಕ ಇರಾನದಿಂದ ಬಂದ ಪಂಡಿತರಿಗೆ ಹೇಗೆ ತಿಳಿಯಬೇಕು? ಅದಕ್ಕೇ ದೊಡ್ಡ ಫಾರಸಿ ಕವಿ ಜುಹೂರಿ ಅದಕ್ಕೊಂದು ಮುನ್ನುಡಿ ಬರೆದುಕೊಟ್ಟ. ಇತಿಹಾಸಕಾರ ಫರಿಶ್ತಾನೂ ಇದೇ ದರಬಾರಿನಲ್ಲಿದ್ದವನು. ಅವನ ದೊಡ್ಡ ಇತಿಹಾಸ ಇಬ್ರಾಹಿಮನ ಹೆಸರಿನಲ್ಲೇ ಹೊರಬಂತು.

1604ರ ಹೊತ್ತಿಗೆ ಅಕಬರ ಬಾದಶಹನ ವಕೀಲನಾಗಿ ಅಸದ ಬೇಗ ಎಂಬವನು ವಿಜಾಪುರಕ್ಕೆ ಬಂದ. ಇಬ್ರಾಹಿಮನ ಮಗಳನ್ನು ಅಕಬರನ ಮಗ ದಾನಿಯಾಲನಿಗೆ ಮದುವೆ ಮಾಡಿಸಿ ಕರೆದುಕೊಂಡು ಹೋಗುವುದು ಅವನ ಕೆಲಸ. ಅವನು ಬರೆದಿಟ್ಟ ಪ್ರಕಾರ ಸುಲ್ತಾನನಿಗೆ ಫಾರಸಿ ತಿಳಿಯುತ್ತಿತ್ತು, ಆದರೆ ಮಾತಾಡುವಾಗ ತೊಡರುತ್ತಿತ್ತು. ಮರಾಠಿ ಮಾತ್ರ ಸಲೀಸು. ಸಂಗೀತ ಶುರುವಾದರೆ ವಕೀಲನ ಮಾತಿಗೆ ಉತ್ತರ ಕೊಡುವುದೂ ಅವನಿಗೆ ಭಾರ. ವಿಜಾಪುರದ ಪೇಟೆಯ ಸಿರಿ ನೋಡಿ ಬೆರಗಾದ ಅಸದ ಬೇಗ ವಾಪಸು ಹೋಗುವಾಗ ಒಂದು ಹೊಸ ಪದಾರ್ಥ ಕೊಂಡೊಯ್ದು ಅಕಬರನ ಮುಂದಿಟ್ಟ. ಅದು ತಂಬಾಕು. ಉತ್ತರದ ದರಬಾರಿಗೆ ಹುಕ್ಕಾ ಹೋದದ್ದು ನಮ್ಮ ಕಡೆಯಿಂದ ಅಂತ ಹೆಮ್ಮೆ ಪಡಬೇಕೋ ಬೇಡವೋ, ಅವರವರಿಗೆ ಬಿಟ್ಟದ್ದು.

ತೊರವಿಯ ಪಕ್ಕದ ಹೊಸ ಊರು

ನವರಸದ ಹುಚ್ಚು ಹಾಡಿಗೆ ನಿಲ್ಲಲಿಲ್ಲ. 1599ರಲ್ಲಿ ವಿಜಾಪುರದ ಪಶ್ಚಿಮಕ್ಕೆ ತೊರವಿ ಹತ್ತಿರ ನೌರಸಪುರ ಎಂಬ ಹೊಸ ನಗರವನ್ನೇ ಕಟ್ಟಿಸಲು ಹತ್ತಿದ. ಅಲ್ಲಿ ಅರಮನೆ, ಸಂಗೀತ ಮಹಲು, ಸರದಾರರ ವಾಡೆಗಳು. ತೊರವಿ ಅಂದರೆ ಕನ್ನಡದವರಿಗೆ ತೊರವೆ ರಾಮಾಯಣದ ಊರು. ಕುಮಾರ ವಾಲ್ಮೀಕಿ ನರಸಿಂಹನ ಅಂಕಿತದಲ್ಲಿ ರಾಮಾಯಣ ಬರೆದ ಊರಿನ ಬಗಲಿಗೇ ಈ ಬಾದಶಹ ತನ್ನ ಸರಸ್ವತಿಯ ಊರನ್ನು ಎಬ್ಬಿಸಿದ. ಗೊತ್ತಿದ್ದು ಆರಿಸಿದನೋ, ನೀರಿನ ಅನುಕೂಲ ನೋಡಿದನೋ, ಅಂತೂ ಜಾಗ ಚೆನ್ನಾಗಿಯೇ ಕೂಡಿಬಂತು.

ವಿಜಾಪುರದ ಒಳಕೋಟೆಯ ಕಂದಕದ ದಂಡೆಗೆ ಅರಳಿ ಮರದ ಬುಡದಲ್ಲಿ ನರಸೋಬಾನ ಒಂದು ಸಣ್ಣ ಗುಡಿ ಇದೆ. ಇಬ್ರಾಹಿಂ ಬಾದಶಹ ಅಲ್ಲಿಗೆ ಬರುತ್ತಿದ್ದ, ನರಸಿಂಹ ಸರಸ್ವತಿಗಳ ಭಕ್ತನಾಗಿದ್ದ ಅಂತ ಊರವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಗಾಣಗಾಪುರ, ಅಕ್ಕಲಕೋಟ, ನರಸೋಬಾವಾಡಿಗೆ ನಡೆದುಕೊಳ್ಳುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಆದರೆ ಒಂದು ಗೊಂದಲ ಇಲ್ಲಿ ಬಿಡಿಸಬೇಕು. ಗುರುಚರಿತ್ರೆಯಲ್ಲಿ ಸ್ವಾಮಿಗಳ ಕೃಪೆಯಿಂದ ಹುಣ್ಣು ವಾಸಿಯಾದ ಸುಲ್ತಾನ ಬರುತ್ತಾನಲ್ಲ, ಅವನು ಈ ಇಬ್ರಾಹಿಂ ಅಲ್ಲ. ಅವನು ಬೀದರದವನು, ಇವನಿಗಿಂತ ಬಹಳ ಹಿಂದಿನವನು. ಎರಡು ಕತೆಗಳನ್ನು ಮಂದಿ ಒಂದಕ್ಕೊಂದು ಹೆಣೆದುಬಿಟ್ಟಿದ್ದಾರೆ. ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಮನೆಮಾತೂ ಕನ್ನಡವೇ, ಬರೆದದ್ದು ಮರಾಠಿಯಲ್ಲಿ. ಈ ಸೀಮೆಯಲ್ಲಿ ಭಾಷೆ, ದೇವರು, ಕತೆ ಎಲ್ಲ ಹೀಗೇ ಗಡಿ ದಾಟುತ್ತ ಓಡಾಡಿವೆ.

ದರಬಾರಿನ ಎಲ್ಲರಿಗೂ ಇದು ಹಿಡಿಸಿತೇ? ಇಲ್ಲ. ಗುಜರಾತಿನ ಭರೂಚದಿಂದ ಬಂದಿದ್ದ ಸೂಫಿ ಶಾಹ ಸಿಬಗತುಲ್ಲಾ, ರಾಜಧಾನಿಯಲ್ಲಿ ಶರಿಯತ್ತಿನ ನಡತೆ ಸಡಿಲಾಗಿದೆ ಎಂದು ಎದ್ದು ನಿಂತರು. ಸುಲ್ತಾನ ಅವರ ಮೇಲೆ ಕೈಮಾಡಲಿಲ್ಲ, ಅವರು ಹೇಳಿದ್ದನ್ನು ಮಾಡಲೂ ಇಲ್ಲ. ಮರ್ಯಾದೆಯಿಂದ ಅರಬಸ್ಥಾನದ ಯಾತ್ರೆಗೆ ಬೀಳ್ಕೊಟ್ಟ. ಅವರು ಮದೀನಾದಲ್ಲೇ ತೀರಿಕೊಂಡರು. ಹಿಂದೂ ಕಡೆ ವಾಲಿದ್ದ ಸುಲ್ತಾನನನ್ನು ತಿರುಗಿ ದಾರಿಗೆ ತಂದವರು ಶಾಹ ಅಬುಲ್ ಹಸನ ಕಾದರಿ ಎಂದು ಮುಂದೆ ಬಂದ ಸೂಫಿ ಚರಿತ್ರೆಗಳು ಬರೆದವು. ಅಂದರೆ ಆಗಲೇ ಅವನನ್ನು ತಮ್ಮ ತಮ್ಮ ಕಡೆ ಎಳೆದುಕೊಳ್ಳುವ ಜಗ್ಗಾಟ ನಡೆದಿತ್ತು. ಅವನು ಮಾತ್ರ ಇಸ್ಲಾಂ ಬಿಟ್ಟವನಲ್ಲ. ಪ್ರವಾದಿಯವರ ಕೂದಲೆಂದು ನಂಬುವ ಪವಿತ್ರ ಅವಶೇಷ ವಿಜಾಪುರಕ್ಕೆ ಬಂದು, ರಾಜಮರ್ಯಾದೆ ಪಡೆದದ್ದು ಇವನ ಕಾಲದಲ್ಲಿ. ಅದು ಮುಂದೆ ಅಸಾರ ಮಹಲು ಸೇರಿತು.

ಅವನ ತಾಮ್ರದ ದುಡ್ಡು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಮಗ್ಗುಲಿಗೆ ಹಜರತ್ ಅಲಿಯವರ ಗುಲಾಮ ಎಂಬ ಮಾತು, ಇನ್ನೊಂದು ಮಗ್ಗುಲಿಗೆ ಇಬ್ರಾಹಿಂ ಅಬಲಾ ಬಲಿ ಎಂಬ ಬಿರುದು. ಬಲ ಇಲ್ಲದವರಿಗೆ ಬಲ ಎಂದು ಅರ್ಥ. ಮಾತು ಸಂಸ್ಕೃತ ಮೂಲದ್ದು, ಅಕ್ಷರ ಫಾರಸಿ. ಪುಸ್ತಕ ದರಬಾರಿನವರಿಗೆ, ಚಿತ್ರ ಇನ್ನೂ ಕೆಲವೇ ಮಂದಿಗೆ. ದುಡ್ಡು ಹಾಗಲ್ಲ ನೋಡಿ, ಸಂತೆಯಲ್ಲಿ ಜೋಳ ಕೊಳ್ಳುವವನ ಕೈಯಿಂದ ಎಣ್ಣೆ ಮಾರುವವನ ಕೈಗೆ ಹೋಗುತ್ತದೆ. ಸುನ್ನಿ ದರಬಾರಿನ ನಾಣ್ಯದಲ್ಲಿ ಅಲಿಯ ಹೆಸರು, ಮುಸಲ್ಮಾನ ದೊರೆಗೆ ಸಂಸ್ಕೃತದ ಬಿರುದು. ಇದನ್ನು ಹಿಡಿದು ಯಾರೂ ವ್ಯಾಪಾರ ನಿಲ್ಲಿಸಿದ್ದು ಕೇಳಿಲ್ಲ.

ಬೋರಿ ನದಿಯ ನೀರು

ಸೊಲ್ಲಾಪುರ ಕಡೆಯವರಿಗೆ ಇಬ್ರಾಹಿಮನನ್ನು ಹತ್ತಿರದಿಂದ ನೋಡಬೇಕಾದರೆ ವಿಜಾಪುರಕ್ಕೇ ಹೋಗಬೇಕೆಂದಿಲ್ಲ. ಹೈದರಾಬಾದ ರಸ್ತೆಗೆ ನಳದುರ್ಗ ಇದೆ, ಒಂದು ತಾಸಿನ ದಾರಿ. ಅಲ್ಲಿಯ ಕೋಟೆಯೊಳಗೆ ಬೋರಿ ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡು 1613ರದು, ಇವನ ಕಾಲದ್ದೇ. ಒಡ್ಡಿನ ಹೊಟ್ಟೆಯಲ್ಲೇ ಪಾಣಿ ಮಹಲು ಎಂಬ ಕೋಣೆ. ಮಳೆಗಾಲದಲ್ಲಿ ನೀರು ತುಂಬಿದಾಗ ನರ, ಮಾದಿ ಎಂಬ ಎರಡು ಧಾರೆ ಮೇಲಿಂದ ಧುಮುಕುತ್ತವೆ. ಒಳಗೆ ನಿಂತವರಿಗೆ ಕಿಟಕಿಯ ಮುಂದೆ ನೀರಿನ ಪರದೆ, ಮೈಗೆ ಮಾತ್ರ ಹನಿ ಬೀಳದು. ಆಗಸ್ಟ್ ತಿಂಗಳಲ್ಲಿ ಮಳೆ ಚೆನ್ನಾಗಿದ್ದರೆ ಸೊಲ್ಲಾಪುರದಿಂದ ಮೋಟರಸೈಕಲ್ ಮೇಲೆ ಹುಡುಗರ ಹಿಂಡೇ ಹೋಗುತ್ತದೆ. ಕಟ್ಟಿಸಿದ ಬಾದಶಹ ಯಾರು ಅಂತ ಕೇಳಿದರೆ ಹತ್ತರಲ್ಲಿ ಒಬ್ಬ ಹೇಳಿದರೆ ಹೆಚ್ಚು.

ಇಬ್ರಾಹಿಮನ ಕೊನೆಯ ವರ್ಷಗಳು ಸುಖದ್ದಲ್ಲ. 1619ರಲ್ಲಿ ಬೀದರನ್ನು ಗೆದ್ದು ಸೇರಿಸಿಕೊಂಡಿದ್ದ. ಆದರೆ ಉತ್ತರದಲ್ಲಿ ಅಹಮದನಗರದ ಮಲಿಕ ಅಂಬರ ಎದ್ದು ನಿಂತ. ಹಬಶಿ ಗುಲಾಮನಾಗಿ ಬಂದು ರಾಜ್ಯವನ್ನೇ ನಡೆಸಿದ ಆ ಗಟ್ಟಿಗನ ಎದುರು ಇಬ್ರಾಹಿಂ ಮೊಗಲರ ಜೊತೆ ಸೇರಿದ್ದು ತಪ್ಪು ಲೆಕ್ಕವಾಯಿತು. 1624ರಲ್ಲಿ ಭಾತವಡಿಯಲ್ಲಿ ಅಂಬರ ಮೊಗಲರು, ಆದಿಲಶಾಹಿಗಳು ಇಬ್ಬರನ್ನೂ ಒಟ್ಟಿಗೆ ಸೋಲಿಸಿದ. ನೇರ ವಿಜಾಪುರಕ್ಕೆ ಬಂದು ನೌರಸಪುರವನ್ನು ಕೊಳ್ಳೆ ಹೊಡೆದ. ಹೊಸ ರಾಜಧಾನಿಯ ಕನಸು ಅಲ್ಲಿಗೆ ಮುಗಿಯಿತು. ಇಂದು ತೊರವಿ ಬಳಿ ಸಂಗೀತ ಮಹಲಿನ ಮುರಿದ ಕಮಾನುಗಳು ಮಾತ್ರ ನಿಂತಿವೆ. ಮರುವರ್ಷ ಅಂಬರ ಸೊಲ್ಲಾಪುರದ ಕೋಟೆಯನ್ನೂ ಕಿತ್ತುಕೊಂಡ. ಚಾಂದಬೀಬಿಯ ಬಳುವಳಿ ತಿರುಗಿ ತವರಿಗೆ ಹೋಯಿತು.

ಭಾತವಡಿಯಲ್ಲಿ ಅಂಬರನ ಪರವಾಗಿ ಕಾದಿದ ಶಹಾಜಿ ಭೋಸಲೆ ಮುಂದೆ ಅಂಬರನನ್ನು ಬಿಟ್ಟು ಬಂದು ಸೇರಿದ್ದು ಇದೇ ಇಬ್ರಾಹಿಮನ ಬಳಿಗೆ. ಶಿವಾಜಿ ಮಹಾರಾಜರ ತಂದೆ ವಿಜಾಪುರದ ಚಾಕರಿಗೆ ಮೊದಲು ಬಂದದ್ದು ಹೀಗೆ.

1627ರ ಸೆಪ್ಟೆಂಬರದಲ್ಲಿ ಇಬ್ರಾಹಿಂ ತೀರಿಕೊಂಡ. ಆಳಿದ್ದು 47 ವರ್ಷ. ರಾಣಿ ತಾಜ ಸುಲ್ತಾನಳಿಗಾಗಿ ಕಟ್ಟಿಸುತ್ತಿದ್ದ ಗೋರಿಯಲ್ಲಿ ತಾನೇ ಮೊದಲು ಮಲಗಿದ. ಅದೇ ಇಬ್ರಾಹಿಂ ರೋಜಾ. ಕಟ್ಟಿದವನು ಮಲಿಕ ಸಂದಲ. ಖರ್ಚು ಸುಮಾರು ಒಂದೂವರೆ ಲಕ್ಷ ಹೊನ್ನು ಎಂದು ಅಲ್ಲಿಯ ಶಾಸನವೇ ಲೆಕ್ಕ ಕೊಡುತ್ತದೆ. ಒಂದೇ ಕಟ್ಟೆಯ ಮೇಲೆ ಈ ಕಡೆ ಗೋರಿ, ಆ ಕಡೆ ಮಸೀದಿ, ನಡುವೆ ಕಾರಂಜಿಯ ಹೊಂಡ. ಗೋರಿಯ ಹೊರಗೋಡೆಯ ತುಂಬ ಅರಬಿ ಅಕ್ಷರದ ಕೆತ್ತನೆ. ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದು, ಅಕ್ಷರದ ಸಂದಿಯಿಂದ ಬೆಳಕು ಒಳಗೆ ಬರುವ ಹಾಗೆ ಮಾಡಿದ್ದಾರೆ. ಆಗ್ರಾದ ತಾಜಮಹಲಿಗೆ ಇದೇ ಮಾದರಿ ಅಂತ ಗೈಡುಗಳು ಹೇಳುತ್ತಾರೆ. ತಾಜಮಹಲಿನ ಹೆಸರು ಎರವಲು ತರದಿದ್ದರೂ ಈ ಕಟ್ಟಡದ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಅವನ ಹಾಡಿನ ಪುಸ್ತಕವನ್ನು 1956ರಲ್ಲಿ ನಜೀರ ಅಹಮದ ಎಂಬ ವಿದ್ವಾಂಸರು ಹಳೆಯ ಪ್ರತಿಗಳನ್ನು ಹೋಲಿಸಿ ದಿಲ್ಲಿಯಿಂದ ಅಚ್ಚು ಹಾಕಿಸಿದರು. ನವರಸಪುರ ಉತ್ಸವ ಎಂಬ ಹೆಸರಿನಲ್ಲಿ ಕರ್ನಾಟಕ ಸರಕಾರ ವಿಜಾಪುರದಲ್ಲಿ ಹಬ್ಬ ನಡೆಸಿದ್ದೂ ಉಂಟು. ಸೌಹಾರ್ದದ ಭಾಷಣ ಎಲ್ಲಿ ಆದರೂ ಸರಸ್ವತಿಯನ್ನು ಹಾಡಿದ ಈ ಬಾದಶಹನ ಹೆಸರು ಬಂದೇ ಬರುತ್ತದೆ. ಆ ಭಾಷಣಗಳಲ್ಲಿ ಬೆಳಗಾವಿ ಕೋಟೆಯಲ್ಲಿ ಸೆರೆಯಿದ್ದು, ದಂಗೆ ಎದ್ದು ಪ್ರಾಣ ಕಳೆದುಕೊಂಡ ಅವನ ಸ್ವಂತ ತಮ್ಮ ಇಸ್ಮಾಯಿಲನ ಹೆಸರು ಬರುವುದಿಲ್ಲ. ಬೇರೆ ಧರ್ಮದ ದೇವರನ್ನು ತಾಯಿ ಎಂದವನಿಗೆ ಗಾದಿಯ ವಿಷಯದಲ್ಲಿ ತಮ್ಮನನ್ನು ಸಹಿಸುವುದು ಆಗಲಿಲ್ಲ. ಆ ಕಾಲದ ಯಾವ ರಾಜಮನೆಯಲ್ಲೂ ಅದು ಹೊಸದಾಗಿರಲಿಲ್ಲ. ಅವನು ಸತ್ತ ಮೇಲೂ ಅದೇ ನಡೆಯಿತು. ಹಿರಿಯ ಮಗ ದರವೇಶನ ಕಣ್ಣು ಕೀಳಿಸಿ ಕಿರಿಯವನಾದ ಮಹಮ್ಮದನನ್ನು ಗಾದಿಗೆ ಕೂರಿಸಿದರು. ಗೋಲಗುಮ್ಮಟ ಕಟ್ಟಿಸಿದವನು ಈ ಮಹಮ್ಮದನೇ.

ರೋಜಾದ ಒಳಗೆ ಆರು ಗೋರಿಗಳು ಒಂದೇ ಸಾಲಿನಲ್ಲಿವೆ. ರಾಣಿ ತಾಜ ಸುಲ್ತಾನ, ತಾಯಿ ಹಾಜಿ ಬಡಿ ಸಾಹಿಬಾ, ಆಮೇಲೆ ಇಬ್ರಾಹಿಂ, ಮಗಳು ಜೋಹರಾ ಸುಲ್ತಾನ. ಆಕೆಯ ಪಕ್ಕದಲ್ಲಿ ಮಲಗಿದವನು ದರವೇಶ, ಕೊನೆಗೆ ಇನ್ನೊಬ್ಬ ಮಗ ಸುಲೇಮಾನ.